ರಿಸಾಲೆಯ ಲಾಂಛನ: ಎರಡು ತಲೆಯ ಹಕ್ಕಿ

ಚನ್ನಗಿರಿಯಿಂದಲೋ ಜಗಳೂರಿನಿಂದಲೋ ದಾವಣಗೆರೆಗೆ ಹೋಗುವ ಸರಕಾರಿ ಬಸ್ಸಿಗಾಗಿ ತಾವು ನಿಲ್ದಾಣದಲ್ಲಿ ಕಾದು ನಿಂತದ್ದು ಎಷ್ಟು ಸಲವೋ! ಬಸ್ಸು ಬಂದು ನಿಂತಾಗ ಕಣ್ಣು ಹೋಗುವುದು ಮೊದಲು ಊರ ಹೆಸರಿನ ಹಲಗೆಯ ಮೇಲೆ, ಆಮೇಲೆ ಕಿಟಕಿಯ ಪಕ್ಕದ ಖಾಲಿ ಜಾಗದ ಮೇಲೆ. ಬಸ್ಸಿನ ಮೈಮೇಲೆ ಬರೆದಿರುವ ಎರಡು ತಲೆಯ ಹಕ್ಕಿಯನ್ನು ನಿಂತು ನೋಡುವ ವ್ಯವಧಾನ ಯಾರಿಗಿದೆ? ಮನೆಯ ಹಳೆಯ ಕ್ರಯಪತ್ರಗಳನ್ನು ಪೆಟ್ಟಿಗೆಯಿಂದ ತೆಗೆದರೆ ಅಲ್ಲಿಯೂ ಅದೇ ಹಕ್ಕಿ ಕಾಣಬಹುದು. ವಿಶ್ವವಿದ್ಯಾನಿಲಯದ ಪ್ರಮಾಣಪತ್ರದ ಮೇಲೆ ಅದು, ವಿಧಾನಸೌಧದಿಂದ ಬಂದ ಕಾಗದದ ನೆತ್ತಿಯ ಮೇಲೆ ಅದು. ಅತಿ ಪರಿಚಯವಾದದ್ದನ್ನು ನಾವು ನೋಡುವುದೇ ಇಲ್ಲ.

ಇದೇ ಹಕ್ಕಿ ಇನ್ನೊಂದು ಕಡೆಯೂ ಕುಳಿತಿದೆ. ರಾಜಸ್ಥಾನದ ಜಯಪುರದಲ್ಲಿ ಭಾರತೀಯ ಸೇನೆಯ ಒಂದು ರಿಸಾಲೆ ಇದೆ. 61ನೆಯ ಅಶ್ವದಳವೆಂದು ಅದರ ಹೆಸರು. ಜಗತ್ತಿನ ಸೈನ್ಯಗಳೆಲ್ಲ ಕುದುರೆಯನ್ನು ಬಿಟ್ಟು ಉಕ್ಕಿನ ರಥವೇರಿದ ಮೇಲೂ ಕುದುರೆಯನ್ನೇ ನಂಬಿ ಉಳಿದ ಕೆಲವೇ ದಳಗಳಲ್ಲಿ ಅದೊಂದು. ಗಣರಾಜ್ಯದ ದಿನ ದೆಹಲಿಯ ಮೆರವಣಿಗೆಯಲ್ಲಿ ಈ ಸವಾರರ ಸಾಲನ್ನು ತಾವು ನೋಡಿರಬಹುದು. ಅವರಲ್ಲಿ ಹೆಚ್ಚಿನವರು ರಜಪೂತರು, ಕಾಯಮಖಾನಿಗಳು, ಮರಾಠರು. ಕನ್ನಡ ಅವರ ಕಿವಿಗೆ ಬಿದ್ದಿರುವುದು ಅಪರೂಪ. ಆದರೆ ಅವರ ಲಾಂಛನದಲ್ಲಿ ರೆಕ್ಕೆ ಹರಡಿ ಕುಳಿತಿರುವುದು ನಮ್ಮ ಗಂಡಭೇರುಂಡ. ಅದು ಅಲ್ಲಿಗೆ ಹೋದದ್ದು ಹೇಗೆ? ಹೋಗುವಾಗ ಯಾವ ಅರ್ಥವನ್ನು ಹೊತ್ತುಕೊಂಡು ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ದಾರಿ ಜಯಪುರಕ್ಕಿಂತ ಮೊದಲು ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಗಳನ್ನು ಹಾಯ್ದು ಹೋಗುತ್ತದೆ.

ಸೈನ್ಯಕ್ಕೆ ಲಾಂಛನ ಯಾಕೆ ಬೇಕು ಎಂದು ಕೇಳುವವರುಂಟು. ಮೊದಲಿನ ಕಾರಣ ಬಹಳ ಸರಳವಾದದ್ದು. ಸಾವಿರಾರು ಕುದುರೆಗಳ ಕಾಲ್ತುಳಿತದಿಂದ ಎದ್ದ ಧೂಳಿನಲ್ಲಿ ನಮ್ಮವರು ಯಾರು, ಪರರು ಯಾರು ಎಂದು ತಿಳಿಯಬೇಕು. ನಿಶಾನಿ ಎಲ್ಲಿ ಕಾಣುತ್ತದೆಯೋ ಅಲ್ಲಿಗೆ ಚದರಿದವರು ಬಂದು ಸೇರಬೇಕು. ಯುರೋಪಿನ ಸರದಾರರು ಮುಖ ಮುಚ್ಚುವ ಕಬ್ಬಿಣದ ಶಿರಸ್ತ್ರಾಣ ತೊಟ್ಟ ಕಾಲದಲ್ಲಿ ಗುರಾಣಿಯ ಮೇಲೆ ಬರೆದ ಸಿಂಹವೋ ಗಿಡುಗವೋ ಅವರ ಮುಖವೇ ಆಯಿತು. ಬರುಬರುತ್ತ ಅದೊಂದು ಶಾಸ್ತ್ರವಾಗಿ ಬೆಳೆಯಿತು. ಗುರಾಣಿಯ ಬಣ್ಣ ಯಾವುದು, ಅದರ ಮೇಲಿನ ಪ್ರಾಣಿ ಯಾವುದು, ಗುರಾಣಿಯನ್ನು ಎಡಬಲದಲ್ಲಿ ಹಿಡಿದು ನಿಲ್ಲುವ ಪ್ರಾಣಿಗಳು ಯಾವುವು, ಕೆಳಗಿನ ಪಟ್ಟಿಕೆಯಲ್ಲಿ ಬರೆಯುವ ಧ್ಯೇಯವಾಕ್ಯ ಯಾವುದು, ಎಲ್ಲಕ್ಕೂ ಕಟ್ಟಳೆಗಳು ಹುಟ್ಟಿದುವು.

ನಮ್ಮಲ್ಲಿಯೂ ಲಾಂಛನಗಳಿಗೆ ಬಡತನವಿರಲಿಲ್ಲ. ಕದಂಬರ ಸಿಂಹ, ಗಂಗರ ಆನೆ, ಚಾಲುಕ್ಯರ ವರಾಹ ಇವುಗಳನ್ನು ಶಾಸನ ಓದಿದವರೆಲ್ಲ ಬಲ್ಲರು. ಆದರೆ ಒಂದು ವ್ಯತ್ಯಾಸವಿದೆ. ಅವರದು ಕಣ್ಣಿಗೆ ಕಾಣುವ ಗುರುತು. ನಮ್ಮದು ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಕೇಳುವ ಗುರುತು. ವಂದಿಮಾಗಧರು ಕೂಗಿ ಹೇಳುವ ಬಿರುದಾವಳಿಯೇ ನಮ್ಮ ಅರಸನ ಗುರಾಣಿ. ಮೈಸೂರರಸರ ದಾನಪತ್ರಗಳಲ್ಲಿ ಬರುವ ಬಿರುದುಗಳನ್ನೇ ನೋಡಿ. ಶಂಖ, ಚಕ್ರ, ಅಂಕುಶ, ಕೊಡಲಿ, ಮೊಸಳೆ, ಮೀನು, ಶರಭ, ಸಾಳ್ವ, ಗಂಡಭೇರುಂಡ, ವರಾಹ, ಹನುಮಂತ, ಗರುಡ, ಸಿಂಹ, ಹೀಗೆ ಒಂದು ಮೃಗಶಾಲೆಯೇ ಅಲ್ಲಿ ಸಾಲುಗಟ್ಟಿ ನಿಲ್ಲುತ್ತದೆ! ಇವಿಷ್ಟನ್ನೂ ಯಾವ ಗುರಾಣಿಯ ಮೇಲೆ ಬರೆಯುವುದು? ಈ ಗುಂಪಿನಿಂದ ಒಂದನ್ನು ಆರಿಸಿ ಚೌಕಟ್ಟಿನೊಳಗೆ ಕೂರಿಸುವ ಪದ್ಧತಿ ಬಲವಾಗಿ ಬಂದದ್ದು ಇಂಗ್ಲಿಷರ ಕಾಲದಲ್ಲಿ. 1877ರಲ್ಲಿ ದೆಹಲಿಯಲ್ಲಿ ನಡೆದ ದೊಡ್ಡ ದರಬಾರಿನಲ್ಲಿ ದೇಶೀಯ ರಾಜರಿಗೆ ರೇಷ್ಮೆಯ ಧ್ವಜಗಳನ್ನು ಕೊಟ್ಟರು. ಒಂದೊಂದರ ಮೇಲೂ ಯುರೋಪಿನ ರೀತಿಯಲ್ಲಿ ಬರೆದ ರಾಜಚಿಹ್ನೆ. ಅವನ್ನು ರಚಿಸಿಕೊಟ್ಟವನು ರಾಬರ್ಟ್ ಟೇಲರ್ ಎಂಬ ಬಂಗಾಳ ಸಿವಿಲ್ ಸರ್ವಿಸಿನ ಅಧಿಕಾರಿ. ಚೌಕಟ್ಟು ಸೀಮೆಯದಾದರೂ ಅದರೊಳಗೆ ಬಂದು ಕುಳಿತ ಹಕ್ಕಿಗೆ ಆ ವೇಳೆಗೆ ಎಂಟು ಶತಮಾನಗಳ ವಯಸ್ಸು ದಾಟಿತ್ತು.

ಆ ವಯಸ್ಸಿನ ಲೆಕ್ಕ ನಮಗೆ ಸಿಕ್ಕುವುದು ಬಳ್ಳಿಗಾವಿಯಲ್ಲಿ. ನ್ಯಾಮತಿಯಿಂದ ಶಿಕಾರಿಪುರದ ಕಡೆ ಹೊರಟವರಿಗೆ ಬಳ್ಳಿಗಾವಿ ದೂರದ ಊರಲ್ಲ. ಇಂದು ಸಣ್ಣ ಹಳ್ಳಿ. ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿ. ಕಲ್ಯಾಣದ ಚಾಲುಕ್ಯರ ಕೈಕೆಳಗೆ ಚಾಮುಂಡರಾಯರಸನೆಂಬ ಮಹಾಮಂಡಲೇಶ್ವರ ಅಲ್ಲಿಂದ ಆ ನಾಡನ್ನು ಆಳುತ್ತಿದ್ದ. ಗಂಡಭೇರುಂಡವೆಂಬುದು ಅವನ ಬಿರುದು. 1047ರಲ್ಲಿ ಜಗದೇಕಮಲ್ಲೇಶ್ವರ ದೇವಾಲಯದ ಮುಂದೆ ಅವನೊಂದು ಎತ್ತರದ ಕಂಬವನ್ನು ನಿಲ್ಲಿಸಿ ಅದರ ತುದಿಗೆ ಭೇರುಂಡನನ್ನು ಇರಿಸಿದ. ಕಂಬ ಇಂದಿಗೂ ನಿಂತಿದೆ. ಆ ಮೂರ್ತಿಯನ್ನು ಮೊದಲ ಸಲ ನೋಡುವವರಿಗೆ ಆಶ್ಚರ್ಯವಾಗುತ್ತದೆ. ಬಸ್ಸಿನ ಮೇಲೆ ಕಾಣುವ ಹಕ್ಕಿ ಅದಲ್ಲ. ಮನುಷ್ಯನ ಮೈ, ಮನುಷ್ಯನ ಕೈಕಾಲು, ಕತ್ತಿನ ಮೇಲೆ ಮಾತ್ರ ಎರಡು ಹಕ್ಕಿಯ ತಲೆ. ಗಂಡ ಎಂದರೆ ಶೂರ. ಬಿರುದು ಹೊತ್ತ ಶೂರನೇ ಕಲ್ಲಿನಲ್ಲಿ ಭೇರುಂಡನಾಗಿ ನಿಂತಿದ್ದಾನೆ ಎನ್ನಬೇಕು.

ಇದಕ್ಕಿಂತ ಸ್ವಾರಸ್ಯದ ಸಂಗತಿಯೊಂದಿದೆ. ಆ ಸೀಮೆಯ ಶಾಸನಗಳಲ್ಲಿ ಭೂಮಿಯನ್ನು ಅಳೆದು ದಾನ ಕೊಡುವಾಗ ‘ಭೇರುಂಡ ಗಳೆ’ ಎಂಬ ಅಳತೆಯ ಮಾತು ಬರುತ್ತದೆ. ಗಳೆ ಎಂದರೆ ಹೊಲ ಅಳೆಯುವ ಕೋಲು. ಅರಸನ ಯುದ್ಧದ ಬಿರುದು ರೈತನ ಹೊಲದ ಬದುವಿಗೆ ಬಂದು ಅಳತೆಗೋಲಾಯಿತು! ಲಾಂಛನವೆಂದರೆ ಬರಿಯ ಅಲಂಕಾರವೆಂದು ತಿಳಿದವರು ಇದನ್ನು ಸ್ವಲ್ಪ ಯೋಚಿಸಬೇಕು. ಅಳತೆಗೆ ಅರಸನ ಗುರುತು ಬಿದ್ದರೆ ಅದರಲ್ಲಿ ಮೋಸ ನಡೆಯಬಾರದು ಎಂಬ ಭರವಸೆ ಹುಟ್ಟುತ್ತದೆ. ಮುಂದೆ ಸ್ಟಾಂಪು ಕಾಗದದ ಮೇಲೆ ಇದೇ ಹಕ್ಕಿ ಬಂದು ಕುಳಿತಾಗ ಮಾಡಿದ ಕೆಲಸವೂ ಅದೇ.

ಗಂಡಭೇರುಂಡದ ಕಥೆಯನ್ನು ತಾವು ಮನೆಯ ಹಿರಿಯರಿಂದ ಕೇಳಿರಬಹುದು. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನ ಕೋಪ ಇಳಿಯಲೊಲ್ಲದು. ಅದನ್ನು ಅಡಗಿಸಲು ಶಿವನು ಶರಭನಾಗಿ ಬಂದ. ಶರಭನನ್ನು ಎದುರಿಸಲು ವಿಷ್ಣುವು ಗಂಡಭೇರುಂಡನಾದ. ಶೈವರು ಕಥೆಯನ್ನು ಮೊದಲ ಭಾಗಕ್ಕೇ ನಿಲ್ಲಿಸುತ್ತಾರೆ, ವೈಷ್ಣವರು ಎರಡನೆಯದನ್ನೂ ಸೇರಿಸುತ್ತಾರೆ. ಜಗಳ ದೇವರುಗಳದ್ದೋ ಭಕ್ತರದ್ದೋ ಎಂಬುದನ್ನು ಇಲ್ಲಿ ತೀರ್ಮಾನಿಸುವುದು ಬೇಡ. ಆದರೆ ಮೈಸೂರಿನ ರಾಜಚಿಹ್ನೆಯನ್ನು, ಅದರಿಂದ ಬೆಳೆದ ಇಂದಿನ ಕರ್ನಾಟಕ ಸರಕಾರದ ಚಿಹ್ನೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿ. ನಡುವೆ ಕೆಂಪು ಗುರಾಣಿ, ಅದರಲ್ಲಿ ಬಿಳಿಯ ಗಂಡಭೇರುಂಡ. ಅದನ್ನು ಎಡಬಲದಲ್ಲಿ ಹಿಡಿದು ನಿಂತವು ಸಿಂಹದ ಮೈ, ಆನೆಯ ಮುಖದ ಪ್ರಾಣಿಗಳು. ಗಜಕೇಸರಿ ಎನ್ನುವವರುಂಟು, ಶರಭವೆಂದು ಹೇಳುವುದೇ ಇಂದು ರೂಢಿ. ಪುರಾಣ ಹೇಳುವ ಎಂಟು ಕಾಲುಗಳು ಅವಕ್ಕಿಲ್ಲ, ಚಿತ್ರಕಾರ ನಾಲ್ಕಕ್ಕೇ ಸುಮ್ಮನಾಗಿದ್ದಾನೆ. ಅದಿರಲಿ. ಪುರಾಣದಲ್ಲಿ ಒಂದನ್ನೊಂದು ಕೊಲ್ಲಲು ಹುಟ್ಟಿದ ಎರಡು ಪ್ರಾಣಿಗಳು ಇಲ್ಲಿ ಒಂದೇ ಗುರಾಣಿಯ ಕಾವಲಿಗೆ ನಿಂತಿವೆ. ಕೆಳಗೆ ಹಿಂದೆ ಇದ್ದ ‘ಸತ್ಯಮೇವೋದ್ಧರಾಮ್ಯಹಂ’ ಎಂಬ ಮಾತಿನ ಸ್ಥಾನದಲ್ಲಿ ಈಗ ‘ಸತ್ಯಮೇವ ಜಯತೇ’ ಇದೆ. ಗುರಾಣಿಯ ಮೇಲೆ ಸಾರನಾಥದ ಸಿಂಹಗಳು ಬಂದಿವೆ. ಹಕ್ಕಿ ಮಾತ್ರ ಕದಲಿಲ್ಲ.

ಎರಡು ತಲೆಯ ಹಕ್ಕಿ ನಮ್ಮ ಒಬ್ಬರ ಸೊತ್ತೇನೂ ಅಲ್ಲ. ತಕ್ಷಶಿಲೆಯ ಸಿರ್ಕಪ್ಪಿನ ಹಾಳು ಗೋಡೆಯ ಮೇಲೆ ಅದರ ಕೆತ್ತನೆಯಿದೆ. ರಷ್ಯದ ಜಾರರು, ಆಸ್ಟ್ರಿಯದ ಚಕ್ರವರ್ತಿಗಳು ಅದನ್ನು ಧರಿಸಿ ಮೆರೆದರು. ಆದರೆ ಅವರ ಹದ್ದಿನ ಕಾಲಿನಲ್ಲಿ ರಾಜದಂಡವೋ ಖಡ್ಗವೋ ಇದ್ದರೆ ನಮ್ಮ ಹಕ್ಕಿಯ ಹಿಡಿತದಲ್ಲಿ ಇರುವುದು ಆನೆಗಳು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವು ಎರಡು ಕೊಕ್ಕುಗಳಲ್ಲಿಯೂ ಎರಡು ಪಂಜಗಳಲ್ಲಿಯೂ ಒಂದೊಂದು ಆನೆಯನ್ನು ಎತ್ತಿ ಹಿಡಿದಿದೆ. ಹೆಬ್ಬೆಟ್ಟಿನ ಉಗುರಿಗಿಂತ ದೊಡ್ಡದಲ್ಲದ ಚಿನ್ನದ ತುಂಡಿನ ಮೇಲೆ ನಾಲ್ಕು ಆನೆ! ಗಜಪತಿಗಳೊಡನೆ ಸೆಣಸಿದ ಮನೆತನಕ್ಕೆ ಆ ಚಿತ್ರ ಹಿತವಾಗಿದ್ದಿರಬೇಕು.

ವಿಜಯನಗರ ಮುರಿದ ಮೇಲೆ ಅದರ ಬಿರುದುಗಳನ್ನು ಮನೆಮಕ್ಕಳು ಆಸ್ತಿ ಹಂಚಿಕೊಂಡಂತೆ ನಾಯಕರೂ ಒಡೆಯರೂ ಹಂಚಿಕೊಂಡರು. ಮೈಸೂರಿನ ಬಿರುದಾವಳಿಯಲ್ಲಿ ಗಂಡಭೇರುಂಡ ಸೇರಿತು. ಕೆಳದಿಯ ರಾಮೇಶ್ವರ ದೇವಾಲಯದ ಮಾಳಿಗೆಯ ಒಳಗಡೆ ತಲೆಯೆತ್ತಿ ನೋಡಿದರೆ ಅಲ್ಲಿಯೂ ಗಂಡಭೇರುಂಡ ರೆಕ್ಕೆ ಹರಡಿದೆ. ನಮ್ಮ ಚನ್ನಗಿರಿಗೆ ಹೆಸರು ಕೊಟ್ಟ ಚನ್ನಮ್ಮಾಜಿ ಆ ಕೆಳದಿಯ ರಾಣಿ. 1671ರಿಂದ ಕಾಲು ಶತಮಾನ ಆಳಿದವಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡವಳು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಅವನು ದಂಡೆತ್ತಿ ಬಂದದ್ದು ಮೈಸೂರಿನ ಹೆಸರಿನಲ್ಲಿ. ಗಂಡಭೇರುಂಡದ ಬಿರುದು ಹೊತ್ತ ರಾಜ್ಯದ ದಂಡು ಗಂಡಭೇರುಂಡವನ್ನು ದೇವಾಲಯದ ಮಾಳಿಗೆಯಲ್ಲಿ ಕೆತ್ತಿಸಿಕೊಂಡ ರಾಜ್ಯವನ್ನು ನುಂಗಿತು. ಚನ್ನಗಿರಿಯ ಕೋಟೆಯ ಕಾವಲುಗಾರನಿಗೆ ಹಕ್ಕಿ ತನ್ನದೆನಿಸಬೇಕೆ, ಪರರದೆನಿಸಬೇಕೆ? ಮೈಸೂರಿನ ಚರಿತ್ರೆಯನ್ನು ಮೈಸೂರಿನಿಂದ ಬರೆಯುವವರಿಗೆ ಈ ಪ್ರಶ್ನೆ ತೋಚುವುದಿಲ್ಲ. ಇಲ್ಲಿಂದ ನೋಡುವ ನಾವಾದರೂ ಕೇಳಬೇಕು.

ಜಗಳೂರಿನ ಕಡೆಯ ಕಥೆ ಇನ್ನೂ ಕಠಿನವಾದದ್ದು. ಆ ಸೀಮೆ ಚಿತ್ರದುರ್ಗದ ನಾಯಕರದು. 1779ರಲ್ಲಿ ಮದಕರಿ ನಾಯಕನ ದುರ್ಗ ಹೈದರನ ಕೈಸೇರಿದಾಗ ಇಪ್ಪತ್ತು ಸಾವಿರದಷ್ಟು ಬೇಡ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ ಅವರಲ್ಲಿನ ಹುಡುಗರನ್ನು ಆಯ್ದು ‘ಚೇಲಾ’ ಪಟಾಲಂಗಳನ್ನು ಕಟ್ಟಿದನೆಂದೂ ಇತಿಹಾಸಕಾರರು ಬರೆದಿದ್ದಾರೆ. ಅವನ ಮಗ ಟಿಪ್ಪುವಿನ ಲಾಂಛನ ಹುಲಿ. ಫಿರಂಗಿಯ ಬಾಯಿ ಹುಲಿಯ ಮುಖ, ಸಿಂಹಾಸನದ ಕಾಲು ಹುಲಿಯ ಕಾಲು, ಸಿಪಾಯಿಯ ಅಂಗಿಯ ಮೇಲೆ ಹುಲಿಯ ಪಟ್ಟೆ. ಸೈನಿಕನ ಮೈಮೇಲೆ ಒಂದೇ ಬಗೆಯ ಗುರುತನ್ನು ಹಾಸಿ ಹೊದಿಸಿದ್ದರಲ್ಲಿ ಟಿಪ್ಪು ತನ್ನ ಕಾಲದ ಯುರೋಪಿನ ಸೇನಾಪತಿಗಳಿಗೆ ಯಾವ ವಿಧದಲ್ಲಿಯೂ ಹಿಂದೆ ಬಿದ್ದವನಲ್ಲ. 1799ರಲ್ಲಿ ಅವನು ಬಿದ್ದ ಮೇಲೆ ಒಡೆಯರ ಮನೆತನಕ್ಕೆ ರಾಜ್ಯ ಮರಳಿತು, ಹಕ್ಕಿಯೂ ಮರಳಿತು.

ಆಗ ಹೊರಬಿದ್ದವನೊಬ್ಬ ಚನ್ನಗಿರಿಯವನು. ಧೋಂಡಿಯ ವಾಘನೆಂದು ಅವನ ಹೆಸರು. ಮರಾಠರವನು, ಹುಟ್ಟಿದ್ದು ಚನ್ನಗಿರಿಯಲ್ಲಿ, ಹೈದರನ ಸೈನ್ಯದಲ್ಲಿ ಸವಾರನಾಗಿದ್ದವನು. ಟಿಪ್ಪು ಅವನನ್ನು ಸೆರೆಯಲ್ಲಿ ಇಟ್ಟಿದ್ದ. ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಮನೆಯ ಬಾಗಿಲು ತೆರೆದಾಗ ಹೊರಗೆ ಬಂದು, ಕೆಲಸ ಕಳೆದುಕೊಂಡ ಸವಾರರನ್ನು ಕೂಡಿಸಿಕೊಂಡು ಬಿದನೂರಿನ ಸೀಮೆಯನ್ನೆಲ್ಲ ನಡುಗಿಸಿದ. ಹೆಸರಿನಲ್ಲಿ ಹುಲಿ ಇತ್ತು. ಅದು ಸಾಲದೆ ಉಭಯಲೋಕಾಧೀಶ್ವರ ಎಂಬ ಬಿರುದನ್ನು ತಾನೇ ಧರಿಸಿದ. ಲೋಕ ಎರಡು, ಒಡೆಯ ಒಬ್ಬ! ಎರಡು ತಲೆಯ ಹಕ್ಕಿಗೆ ಇದಕ್ಕಿಂತ ದೊಡ್ಡ ಸವಾಲು ಯಾರೂ ಹಾಕಿರಲಾರರು. ಅವನನ್ನು ಕರ್ನಲ್ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಕೊಂದ. ಸಾಮಾನು ಸರಂಜಾಮಿನ ನಡುವೆ ಧೋಂಡಿಯನ ಮಗ, ನಾಲ್ಕು ವರ್ಷದ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ತರಿಸಿ ಸಾಕಿದ. ಹಿಂದೂಸ್ಥಾನ ಬಿಡುವಾಗ ಅದರ ಹೆಸರಿನಲ್ಲಿ ಹಣವಿಟ್ಟು ಹೋದ. ಹುಡುಗ ಬೆಳೆದು ಯಾರ ಸೇವೆಗೆ ಸೇರಿದನೆಂದು ಬಲ್ಲಿರಾ? ಮೈಸೂರು ಮಹಾರಾಜರ ಸೇವೆಗೆ. 1822ರಲ್ಲಿ ವಾಂತಿಭೇದಿಯ ಜಾಡ್ಯದಿಂದ ತೀರಿಕೊಳ್ಳುವವರೆಗೆ ಅವನು ಅಲ್ಲಿಯೇ ಇದ್ದ. ತಂದೆ ಎರಡು ಲೋಕಗಳ ಬಿರುದು ಹೊತ್ತು ಸತ್ತ, ಮಗ ಎರಡು ತಲೆಯ ಹಕ್ಕಿಯ ನೆರಳಿನಲ್ಲಿ ಸಂಬಳ ಎಣಿಸಿದ.

ಇದೇ ವೆಲ್ಲೆಸ್ಲಿ 1803ರ ಮಾರ್ಚಿಯಲ್ಲಿ ಹೊನ್ನಾಳಿಯ ಕೆಳಗಣ ಹರಿಹರದ ಬಳಿ ದಂಡು ಕೂಡಿಸಿ ತುಂಗಭದ್ರೆಯನ್ನು ದಾಟಿದ. ಮೈಸೂರಿನ ಸಿಲ್ಲೇದಾರ ಸವಾರರೂ ಅವನ ಸಂಗಡ ಇದ್ದರು. ಸಿಲ್ಲೇದಾರನೆಂದರೆ ಕುದುರೆಯನ್ನೂ ಆಯುಧವನ್ನೂ ತಾನೇ ತಂದು ಸಂಬಳಕ್ಕೆ ನಿಲ್ಲುವ ಸವಾರ. ಕುದುರೆ ಸತ್ತರೆ ಅವನ ಬಾಳೇ ಕೆಟ್ಟಂತೆ. ಆ ವರ್ಷ ಸೆಪ್ಟೆಂಬರ್ 23ರಂದು ಅಸಾಯೆಯಲ್ಲಿ ಮರಾಠರೊಡನೆ ಘೋರ ಯುದ್ಧವಾಯಿತು. ಅಲ್ಲಿ ಕಾದಿದ ಮದರಾಸಿನ ಪಟಾಲಂಗಳಿಗೆ ಗೌರವದ ಗುರುತಾಗಿ ಆನೆಯ ಲಾಂಛನ ಬಂತು. ಇಂದಿನ ಮದ್ರಾಸ್ ರೆಜಿಮೆಂಟಿನ ಗುರಾಣಿಯ ಮೇಲಿರುವುದು ಆ ಆನೆಯೇ, ಹಿಂದೆ ಅಡ್ಡವಾಗಿ ಇಟ್ಟ ಎರಡು ಕತ್ತಿ. ದೇಶ ಸ್ವತಂತ್ರವಾದ ಮೇಲೆ, ನಮ್ಮವರನ್ನೇ ನಮ್ಮವರು ಸೋಲಿಸಿದ ಇಂಥ ಯುದ್ಧಗಳ ಹೆಸರನ್ನು ಗೌರವವೆಂದು ಹೊರಬಾರದೆಂದು ಸೇನೆ ನಿರ್ಧರಿಸಿತು. ಅಸಾಯೆಯ ಹೆಸರು ಹೋಯಿತು, ಆನೆ ಉಳಿಯಿತು. ಯಾವ ಗೆಲವಿನಿಂದ ಹುಟ್ಟಿತೋ ಅದನ್ನು ಮರೆತ ಮೇಲೂ ಲಾಂಛನ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

ಲಾಂಛನವು ಪ್ರಾಣಕ್ಕೇ ಬಂದ ಪ್ರಸಂಗವೊಂದು 1830ರಲ್ಲಿ ನಮ್ಮ ಸೀಮೆಯಲ್ಲಿ ನಡೆಯಿತು. ಕಂದಾಯದ ಹಿಂಸೆ ತಾಳಲಾರದೆ ನಗರದ ರೈತರು ಕೂಟ ಕೂಡಿ ದಂಗೆಯೆದ್ದರು. ಅವರಿಗೆ ಅರಸನಾಗಿ ಬಂದವನು ಬೂದಿ ಬಸವಪ್ಪ. ಅವನು ರಾಜವಂಶದವನಲ್ಲ. ನಗರದ ಕೊನೆಯ ಅರಸರ ಗುರುವಾಗಿದ್ದ ಜಂಗಮನೊಬ್ಬನ ಸೇವೆ ಮಾಡಿ, ಆ ಜಂಗಮ ತೀರಿಕೊಂಡಾಗ ಅವನ ಬಳಿ ಇದ್ದ ಮುದ್ರೆಯುಂಗುರಗಳನ್ನು ಪಡೆದುಕೊಂಡಿದ್ದ ಎಂದು ಹೇಳುತ್ತಾರೆ. ಆ ಉಂಗುರವೇ ಅವನ ಸಿಂಹಾಸನ. ಬಿದನೂರು ಬಿದ್ದು ಅರುವತ್ತು ವರ್ಷ ದಾಟಿದ ಮೇಲೂ ಹಳೆಯ ದೊರೆಗಳ ಮುದ್ರೆಯನ್ನು ಕಂಡು ಜನ ಕೈಮುಗಿದರು. ಮೈಸೂರಿನ ಸವಾರರೂ ಇಂಗ್ಲಿಷರ ಪಟಾಲಂಗಳೂ ಬಂದುವು; ಹೊನ್ನಾಳಿಯ ಕೋಟೆಗೂ ಬೆಂಕಿ ತಗಲಿತು. ಪರಿಣಾಮವಾಗಿ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. 1881ರವರೆಗೆ ರಾಜ್ಯ ಅರಸರಿಗೆ ಮರಳಲಿಲ್ಲ. ಒಂದು ಹಿಡಿ ಲೋಹದ ಮುದ್ರೆಯಲ್ಲಿ ಇಷ್ಟು ಬಲವಿತ್ತೆ ಎಂದು ನಾವು ನಗಬಹುದು. ಬಲ ಮುದ್ರೆಯದಲ್ಲ, ತಮ್ಮ ನೋವನ್ನು ಕೇಳುವ ಒಬ್ಬ ದೊರೆ ಬೇಕೆಂಬ ಹಸಿವಿನದು.

ಇನ್ನು ರಿಸಾಲೆಯ ವಿಷಯಕ್ಕೆ ಬರೋಣ. ಹಳೆಯ ಸಿಲ್ಲೇದಾರ ಸವಾರರನ್ನು ತಿದ್ದಿ 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ದಳವನ್ನು ಕಟ್ಟಿದರು. ಲ್ಯಾನ್ಸ್ ಎಂದರೆ ಭಲ್ಲೆ. ದಖನಿ ಮುಸಲ್ಮಾನರು, ಮರಾಠರು, ಅರಸು ಮನೆತನದವರು ಅದರಲ್ಲಿ ಹೆಚ್ಚಾಗಿದ್ದರು. ಅವರ ಲಾಂಛನ ಗಂಡಭೇರುಂಡ. ಗಮನಿಸಿ, ಹಿಂದೆ ಬಿರುದು ಅರಸನದಾಗಿತ್ತು, ಸವಾರನಿಗೆ ಅದರ ಮೇಲೆ ಯಾವ ಹಕ್ಕೂ ಇರಲಿಲ್ಲ. ಈಗ ಹಿತ್ತಾಳೆಯ ಅಥವಾ ಬೆಳ್ಳಿಬಣ್ಣದ ಒಂದು ಚಿಕ್ಕ ಬಿಲ್ಲೆಯಾಗಿ ಅದು ಪ್ರತಿಯೊಬ್ಬ ಸವಾರನ ಮೈಮೇಲೆ ಬಂತು. ಬೆಳಗಾಗೆದ್ದು ಅದನ್ನು ಉಜ್ಜಿ ಹೊಳಪು ಬರಿಸುವುದು ಅವನ ಕೆಲಸ. ಅದಕ್ಕೆ ಕಲೆ ತಗಲಿದರೆ ಶಿಕ್ಷೆ ಅವನಿಗೆ. ಹೀಗೆ ಉಜ್ಜುತ್ತ ಉಜ್ಜುತ್ತ ಅರಸನ ಹಕ್ಕಿ ಸವಾರನ ಹಕ್ಕಿಯಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧಕ್ಕಾಗಿ ಈ ದಳ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸುಯೆಜ್ ಕಾಲುವೆಯ ಕಾವಲು, ಮರುಭೂಮಿಯ ಬಿಸಿಲು, ಆಮೇಲೆ ಪ್ಯಾಲೆಸ್ಟೈನಿನ ದಂಡಯಾತ್ರೆ, ಹೀಗೆ ನಾಲ್ಕು ವರ್ಷ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ. ಒಂದು ಕಡೆ ಕಾರ್ಮೆಲ್ ಬೆಟ್ಟ, ಅದರ ಮೇಲೆ ಫಿರಂಗಿ; ಇನ್ನೊಂದು ಕಡೆ ಕಿಶೋನ್ ನದಿ, ಅದರ ದಡದಲ್ಲಿ ಕುದುರೆಯ ಕಾಲು ಹೂತುಹೋಗುವ ಮರಳು; ನಡುವೆ ತುರ್ಕರ ಮತ್ತು ಜರ್ಮನರ ಮೆಷಿನ್‌ಗನ್ನುಗಳು. ಮೈಸೂರಿನ ಸವಾರರ ತುಕಡಿ ಬೆಟ್ಟದ ಕಡಿದಾದ ದಾರಿ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದ ಸವಾರರು ಕೆಳಗಿನಿಂದ ಪಟ್ಟಣದೊಳಕ್ಕೆ ನುಗ್ಗಿದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಮಡಿದ. ಸಂಜೆಯೊಳಗೆ ಪಟ್ಟಣ ಕೈಗೆ ಬಂತು. 1,350 ಮಂದಿ ಸೆರೆಸಿಕ್ಕರು, 17 ಫಿರಂಗಿ ದೊರೆತುವು. ಎರಡು ದಳಗಳಲ್ಲಿಯೂ ಸೇರಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತುವು, 83 ಗಾಯಗೊಂಡುವು. ಭಲ್ಲೆ ಹಿಡಿದ ಸವಾರ ಮೆಷಿನ್‌ಗನ್ನನ್ನು ಗೆದ್ದ ಕಥೆಯನ್ನು ಹೇಳುವವರು ಆ ಗುಂಡುಗಳನ್ನು ಎದೆಯಲ್ಲಿ ತಡೆದ ಪ್ರಾಣಿಗಳನ್ನೂ ಒಂದು ಮಾತಿನಲ್ಲಿ ನೆನೆಯಬೇಕು.

ಅಸಾಯೆ ನಡೆದದ್ದು ಸೆಪ್ಟೆಂಬರ್ 23, ಹೈಫಾ ನಡೆದದ್ದೂ ಸೆಪ್ಟೆಂಬರ್ 23. ನಡುವೆ ನೂರ ಹದಿನೈದು ವರ್ಷ. ಆನೆಯ ದಿನವೇ ಹಕ್ಕಿಯ ದಿನವೂ ಆದದ್ದು ಕೇವಲ ಕಾಕತಾಳೀಯ. ಆದರೆ ಮುಂದೆ ನಡೆದದ್ದನ್ನು ನೋಡಿದರೆ ವಿಧಿಗೆ ಸ್ವಲ್ಪ ವಿನೋದಬುದ್ಧಿ ಇದೆ ಎನ್ನಿಸುತ್ತದೆ. ಸ್ವಾತಂತ್ರ್ಯದ ತರುವಾಯ ಸಂಸ್ಥಾನಗಳ ಸೈನ್ಯಗಳು ಭಾರತದ ಸೈನ್ಯದಲ್ಲಿ ಕೂಡಿಹೋದುವು. ಮೈಸೂರಿನ ಕಾಲಾಳುಗಳ ಮೊದಲ ಬಾರು ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು. ಅಂದರೆ ಗಂಡಭೇರುಂಡದವರು ಆನೆಯನ್ನು ಧರಿಸಿದರು. ಅಚ್ಯುತರಾಯನ ನಾಣ್ಯದಲ್ಲಿ ಆನೆಯನ್ನು ಕೊಕ್ಕಿನಲ್ಲಿ ಕಚ್ಚಿ ಹಾರಿದ್ದ ಹಕ್ಕಿ, ನಾಲ್ಕು ನೂರು ವರ್ಷದ ಮೇಲೆ ಆನೆಗೆ ತನ್ನ ಮಕ್ಕಳನ್ನು ಒಪ್ಪಿಸಿಕೊಟ್ಟಿತು! ಸವಾರರ ಪಾಡು ಬೇರೆಯಾಯಿತು. ಗ್ವಾಲಿಯರ್, ಜೋಧಪುರ, ಜಯಪುರ, ಪಟಿಯಾಲ ಮೊದಲಾದ ಸಂಸ್ಥಾನಗಳ ಸವಾರರ ಜೊತೆಗೆ ಮೈಸೂರಿನವರನ್ನೂ ಕೂಡಿಸಿ 1953ರಲ್ಲಿ ಒಂದು ಹೊಸ ಅಶ್ವದಳವನ್ನು ಕಟ್ಟಿದರು. ಅದೇ ಮರುವರ್ಷ 61ನೆಯ ಅಶ್ವದಳವೆನಿಸಿತು.

ಆಗ ಎದ್ದ ಪ್ರಶ್ನೆ ಸಣ್ಣದಲ್ಲ. ಒಂದೊಂದು ಸಂಸ್ಥಾನಕ್ಕೂ ಒಂದೊಂದು ಲಾಂಛನ, ಒಂದೊಂದಕ್ಕೂ ರಕ್ತದ ನೆನಪು. ಹೊಸ ದಳದ ನೆತ್ತಿಗೆ ಯಾವುದನ್ನು ಏರಿಸುವುದು? ಏರಿಸಿದ್ದು ಗಂಡಭೇರುಂಡವನ್ನು. ಕೆಳಗಿನ ಪಟ್ಟಿಕೆಯಲ್ಲಿ ನಾಗರಿ ಅಕ್ಷರ. ದಳದ ಧ್ಯೇಯವಾಕ್ಯ ‘ಅಶ್ವಶಕ್ತಿ ಯಶೋಬಲ’. ಮೈಸೂರು ಲ್ಯಾನ್ಸರ್ಸ್ ಎಂಬ ಹೆಸರು ಸೇನೆಯ ಪಟ್ಟಿಯಿಂದ ಅಳಿದುಹೋಯಿತು. ಅವರ ಪಾಳೆಯ ಬೆಂಗಳೂರಿನಿಂದ ಎದ್ದಿತು. ಹೊಸದಾಗಿ ಸೇರಿದವರಲ್ಲಿ ಕನ್ನಡಿಗರ ಸಂಖ್ಯೆ ಇಳಿಯಿತು. ಹಾಗಾದರೆ ಉಳಿದದ್ದೇನು ಎಂದು ನಿಟ್ಟುಸಿರಿಡುವವರನ್ನು ನಾನು ಕಂಡಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ಕೆಳದಿಯ ಮಾಳಿಗೆಯಲ್ಲಿಯೂ ಮೈಸೂರಿನ ಗುರಾಣಿಯಲ್ಲಿಯೂ ಏಕಕಾಲಕ್ಕೆ ಕುಳಿತು ಒಂದನ್ನೊಂದು ಇರಿದುಕೊಂಡ ಹಕ್ಕಿ, ಚಾಮುಂಡರಾಯರಸನದೂ ಅಲ್ಲದೆ ಒಡೆಯರದೂ ಅಲ್ಲದೆ, ತನ್ನನ್ನು ಉಜ್ಜಿ ಬೆಳಗಿಸುವ ಒಬ್ಬ ರಾಜಸ್ಥಾನದ ಹಳ್ಳಿಯ ಸವಾರನದಾಗಿದ್ದರೆ ಅದರ ಮಾನ ಕುಂದಿತೆನ್ನಲು ನನ್ನ ನಾಲಗೆ ಏಳದು. ನೋಯಿಸುವುದು ಬೇರೊಂದು: ಅದು ಎಲ್ಲಿಂದ ಬಂತೆಂದು ಆ ಸವಾರ ಕೇಳಿದರೆ ಹೇಳುವಷ್ಟು ವಿಷಯ ನಮ್ಮಲ್ಲಿಯೇ ಬಹುಮಂದಿಗೆ ತಿಳಿಯದು.

ದೆಹಲಿಗೆ ಹೋದವರು ತೀನ್ ಮೂರ್ತಿಯ ವೃತ್ತದಲ್ಲಿ ಒಂದು ಗಳಿಗೆ ನಿಲ್ಲಬಹುದು. ಅಲ್ಲಿನ ಮೂರು ಕಂಚಿನ ಸವಾರರು ಹೈದರಾಬಾದು, ಜೋಧಪುರ, ಮೈಸೂರುಗಳ ದಳದವರು. ಕೆತ್ತಿದವನು ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾವನ್ನು ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಕಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಮಡಿದವರ ಹೆಸರು ಕೊರೆದ ಸ್ಮಾರಕವಿದೆ. ವಾಹನಗಳ ಗದ್ದಲದಲ್ಲಿ ಅದನ್ನು ಹುಡುಕಿಕೊಂಡೇ ಹೋಗಬೇಕು. ಇವೆರಡೂ ದೂರವೆನಿಸಿದರೆ ಹತ್ತಿರದ್ದೇ ಇದೆ. ಹೊನ್ನಾಳಿಯಿಂದ ನ್ಯಾಮತಿಯ ಮೇಲೆ ಶಿಕಾರಿಪುರ, ಅಲ್ಲಿಂದ ಶಿರಾಳಕೊಪ್ಪದ ದಾರಿ ಹಿಡಿದು ಬಳ್ಳಿಗಾವಿ. ಮುಂಜಾನೆಯ ಬಸ್ಸಿಗೆ ಹೊರಟರೆ ಚಾಮುಂಡರಾಯರಸನ ಕಂಬವನ್ನು ಸುತ್ತುಹಾಕಿ ನೋಡಿ, ಕೇದಾರೇಶ್ವರ ದೇವಾಲಯದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಬಸ್ಸು ಹತ್ತುವ ಮೊದಲು ಅದರ ಮೈಮೇಲಿನ ಹಕ್ಕಿಯನ್ನು ಅವರಿಗೆ ತೋರಿಸಿರಿ.